ಎರಡು ಕ್ಯಾನು ಹಳೆಯ ನೀರು

ಹೋದ ತಿಂಗಳು ನಮ್ಮ ಶಾಲೆಯ ಕನ್ನಡ ಟೀಚರಿಗೆ ಇಳಕಲ್ಲಿನಿಂದ ಬಾದಾಮಿಗೆ ವರ್ಗವಾಯಿತು. ಸಾಮಾನು ಕಟ್ಟುವ ದಿನ ಕೈಜೋಡಿಸಲು ನಾನೂ ಹೋಗಿದ್ದೆ. ಅವರ ಪಡಸಾಲೆಯಲ್ಲಿ ಮೀನು ಸಾಕಿದ ಗಾಜಿನ ಪೆಟ್ಟಿಗೆಯೊಂದಿತ್ತು. ಟೀಚರ್ ಅದರ ನೀರನ್ನು ಪೈಪಿನಿಂದ ಬಕೆಟ್ಟಿಗೆ ಇಳಿಸತೊಡಗಿದಾಗ ಆ ವಾಸನೆ ಬಂತು. ಕೆಟ್ಟ ವಾಸನೆಯೇನಲ್ಲ. ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದಾಗ ದಂಡೆಯಿಂದ ಬರುವಂಥ, ಹಸಿ ಮಣ್ಣಿಗೆ ಒಂದಿಷ್ಟು ಪಾಚಿ ಬೆರೆತ ವಾಸನೆ. ಬಕೆಟ್ ತುಂಬಿತು. ಟೀಚರ್ ಅದನ್ನು ಬಚ್ಚಲಿಗೆ ಸುರಿಯಲು ಎತ್ತಿದರು. ನಾನು ಎರಡೂ ಕೈಯಿಂದ ಅದರ ಹಿಡಿಕೆ ಹಿಡಿದುಕೊಂಡೆ...

"ಚೆಲ್ಲಬ್ಯಾಡ್ರಿ!" ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ ಅಡುಗೆಮನೆಯಲ್ಲಿ ಡಬ್ಬಿ ಕಟ್ಟುತ್ತಿದ್ದ ಅವರ ಯಜಮಾನರು ಏನಾಯಿತೋ ಎಂದು ಹೊರಗೆ ಬಂದರು.

ಆಮೇಲೆ ಒಂದು ತಾಸು ಆ ಮನೆಯಲ್ಲಿ ನನ್ನದೇ ಕಾರುಬಾರು. ಹಳೆಯ ನೀರನ್ನು ಮುಚ್ಚಳವಿದ್ದ ಕ್ಯಾನುಗಳಿಗೆ ತುಂಬಿಸಿದೆ. ನೀರು ಸೋಸುವ ಸ್ಪಂಜನ್ನು ತೊಳೆಯಗೊಡದೆ ಅದೇ ನೀರಿನಲ್ಲಿ ಮುಳುಗಿಸಿಟ್ಟೆ. ಮೀನುಗಳನ್ನು ಚೀಲಕ್ಕೆ ಹಾಕುವಾಗ ನೀರು ಕಡಿಮೆ, ಗಾಳಿ ಹೆಚ್ಚು ಇರಲಿ ಎಂದೆ. ಮೇಲೊಂದು ಕಪ್ಪು ಬಟ್ಟೆ ಹೊದಿಸಿದೆ. ಟೀಚರಿಗೆ ಆಶ್ಚರ್ಯ. "ನಿಮ್ಮ ಮನ್ಯಾಗ ಒಂದ ಮೀನೂ ಇಲ್ಲ. ಇಷ್ಟೆಲ್ಲಾ ಹೆಂಗ ಗೊತ್ತ್ರಿ?" ಎಂದು ಕೇಳಿದರು. ಒಬ್ಬರು ಕಲಿಸಿದ್ದರು ಎಂದೆ. ಅಷ್ಟೇ ಹೇಳಿದೆ. ಉಳಿದದ್ದನ್ನು ಹೊರಗಿನವರಿಗೆ ಬಾಯಿಬಿಟ್ಟು ಹೇಳಲು ನನಗೆ ಯಾವತ್ತೂ ಆಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹುನಗುಂದದಲ್ಲಿ ನಮ್ಮ ಮನೆಗೂ ನನಗೆ ಅದನ್ನು ಕಲಿಸಿದವರ ಮನೆಗೂ ನಡುವೆ ಒಂದೇ ಗೋಡೆ. ಅವರು ಕೋರ್ಟಿನ ಎದುರು ಬೇವಿನ ಗಿಡದ ಕೆಳಗೆ ಟೈಪ್ ಮಷೀನು ಇಟ್ಟುಕೊಂಡು ಕೂರುತ್ತಿದ್ದರು. ಅರ್ಜಿ, ಅಫಿಡವಿಟ್, ತಕರಾರು, ಆಸ್ತಿ ಹಂಚಿಕೆಯ ವಾಟ್ನಿ ಪತ್ರ ಎಂದು ತಾಲೂಕಿನ ಅರ್ಧ ಜಗಳಗಳು ಅವರ ಬೆರಳಿನಿಂದ ಹಾದುಹೋಗಿದ್ದವು. ನಮಗೂ ಅವರಿಗೂ ರಕ್ತಸಂಬಂಧವಿರಲಿಲ್ಲ. ಆದರೂ ಅವರು ಕಾಕಾ, ಅವರ ಹೆಂಡತಿ ಕಾಕು. ಅವರಿಗೆ ಮಕ್ಕಳಿರಲಿಲ್ಲ. ನನ್ನ ಅಪ್ಪ ತೀರಿಕೊಂಡ ಮೇಲೆ ನನ್ನ ಕಾಲೇಜಿನ ಅರ್ಜಿಗಳನ್ನೆಲ್ಲ ಟೈಪು ಮಾಡಿಕೊಟ್ಟವರು ಅವರೇ.

ಕೋರ್ಟಿನ ಭಾಷೆ ಅವರ ಹಿಂದೆ ಮನೆಗೂ ಬರುತ್ತಿತ್ತು. ಊಟಕ್ಕೆ ಕುಳಿತು, "ಸದರಿ ಪಲ್ಯಾದಾಗ ಉಪ್ಪು ಇರೂದಿಲ್ಲ ಅಂತ ಈ ಮೂಲಕ ವಿನಂತಿ ಮಾಡಿಕೊಳ್ಳೂದೇನಂದ್ರ..." ಎಂದು ಶುರು ಮಾಡುತ್ತಿದ್ದರು. ಒಳಗಿನಿಂದ ಕಾಕು, "ಅರ್ಜಿ ವಜಾ!" ಎಂದು ಕೂಗುತ್ತಿದ್ದರು. ಕಾಕುವಿನ ಗಂಟಲು ಅಂಥದ್ದು. ಅವರು ತಮ್ಮ ಅಂಗಳದಲ್ಲಿ ನಿಂತು ತರಕಾರಿಯವಳನ್ನು ಕರೆದರೆ ಪಕ್ಕದ ಓಣಿಯಲ್ಲಿದ್ದ ತರಕಾರಿಯವಳೂ ಬಂದುಬಿಡುತ್ತಿದ್ದಳು. ಕಾಕಾನಿಗೆ ನಶ್ಯದ ಚಟ ಬೇರೆ. ಹಗಲೆಲ್ಲ ಡಬ್ಬಿ ತಟ್ಟಿ ತಟ್ಟಿ ಮೂಗು ಪೂರ್ತಿ ಕೆಟ್ಟಿತ್ತು. ಒಲೆಯ ಮೇಲಿನ ಹಾಲು ಸೀದು ನಮ್ಮ ಮನೆಯವರೆಗೆ ನಾರಿದರೂ ಪಕ್ಕದಲ್ಲೇ ಕುಳಿತ ಅವರಿಗೆ ಗೊತ್ತಾಗುತ್ತಿರಲಿಲ್ಲ. ಕಾಕು ಬಂದು ಬೈದಾಗಲೇ ತಿಳಿಯುತ್ತಿತ್ತು.

ಆ ಕಾಕುವಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋದವು. ಮಾತೂ ಹೋಯಿತು. ದವಾಖಾನೆಯಿಂದ ಕರೆತಂದ ದಿನ ಓಣಿಯ ಹೆಂಗಸರೆಲ್ಲ ನೋಡಲು ಬಂದಿದ್ದರು. ಕಾಕು ಬಾಯಿ ತೆರೆದು ಏನೋ ಅನ್ನಲು ಹೋದರು, ದನಿಯೇ ಬರಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿಕೊಂಡುಬಿಟ್ಟರು. ಅವತ್ತಿನಿಂದ ಯಾರು ಬಂದರೂ ಗೋಡೆಯ ಕಡೆಗೇ ಮುಖ. ಬೆಳಿಗ್ಗೆ ಅವರ ತಲೆ ಬಾಚಿ ಹೆರಳು ಹಾಕುವ ಕೆಲಸ ನನ್ನದಾಯಿತು. ಕಾಲೇಜಿಗೆ ಇಳಕಲ್ಲಿನ ಬಸ್ಸು ಹಿಡಿಯುವ ಮುಂಚೆ ಹೋಗಿ ಬಾಚಿ ಬರುತ್ತಿದ್ದೆ. ಮೊದಲನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ ಆಗ.

ಬಾಗಲಕೋಟೆಯ ಡಾಕ್ಟರೊಬ್ಬರು, ಕಣ್ಣೆದುರಿಗೆ ಏನಾದರೂ ಓಡಾಡುವಂಥದ್ದು ಇಡಿ, ಅವರ ಲಕ್ಷ್ಯ ಹೊರಗೆ ಬರಲಿ ಎಂದರಂತೆ. ಟಿ.ವಿ. ಹಚ್ಚಿದರೆ ಕಾಕು ಕಣ್ಣು ಮುಚ್ಚುತ್ತಿದ್ದರು. ಒಂದು ದಿನ ಕಾಕಾ ಬಾಗಲಕೋಟೆಯ ಬಸ್ಸಿನಿಂದ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಇಳಿದರು. ಚೀಲದಲ್ಲಿ ಮೀನು. ಗಾಜಿನ ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ ಗಾದಿಯಲ್ಲಿ ಸುತ್ತಿಕೊಂಡು ಬಂದಿತ್ತು.

ಮೊದಲು ತಂದವು ಬದುಕಲಿಲ್ಲ. ವಾರಕ್ಕೊಮ್ಮೆ ಅಷ್ಟೂ ನೀರು ಬದಲಿಸಿ, ಪೆಟ್ಟಿಗೆಯನ್ನು ತಾಟು ತಿಕ್ಕಿದಂತೆ ತಿಕ್ಕಿ ಇಟ್ಟಿದ್ದರು. ಮೀನಿನ ಅಂಗಡಿಯವನು ಚೆನ್ನಾಗಿ ಬೈದನಂತೆ. ಮರುದಿನ ಕಾಕಾ ನನ್ನನ್ನು ಕರೆದು ಕೂರಿಸಿಕೊಂಡು ಆ ಬೈಗುಳವನ್ನೇ ನನಗೆ ಪಾಠ ಮಾಡಿದರು. "ಹಳೇ ನೀರಂದ್ರ ಹೊಲಸಲ್ಲ ತಂಗಿ. ಆ ಸ್ಪಂಜಿನ್ಯಾಗ, ಹರಳಿನ್ಯಾಗ ಕಣ್ಣಿಗೆ ಕಾಣದ ಜೀವ ಇರ್ತಾವಂತ. ಮೀನಿನ ಹೊಲಸು ಅವು ತಿಂದು ನೀರ ಹಸನ ಇಡ್ತಾವಂತ. ನಳದ ನೀರಾಗ ತೊಳದ್ರ ಅವೂ ಸಾಯ್ತಾವ, ಮೀನೂ ಸಾಯ್ತಾವ. ನೀ ಸಾಯನ್ಸ್ ಓದಾಕಿ, ನಿನಗ ಗೊತ್ತಿರಬೇಕಲ್ಲ?" ನನಗೆ ಗೊತ್ತಿರಲಿಲ್ಲ. ಆದರೂ ತಲೆಯಾಡಿಸಿದೆ.

ಎರಡನೆಯ ಸಲ ತಂದವು ಬದುಕಿದವು. ಐದು ಬಂಗಾರ ಬಣ್ಣದವು, ಒಂದು ಕರಿಯದು. ಕರಿಯದಕ್ಕೆ ಉಬ್ಬಿದ ಕಣ್ಣು, ಜೋಲಾಡುವ ರೆಕ್ಕೆ. ಕಾಕಾ ಅದಕ್ಕೆ 'ವಕೀಲ ಸಾಹೇಬರು' ಎಂದು ಹೆಸರಿಟ್ಟರು. ಉಳಿದವು ಕಕ್ಷಿದಾರರು. "ನೋಡು, ನೋಡು, ಕಕ್ಷಿದಾರರಿಗೆ ಏನೂ ಮುಟ್ಟಗೊಡಂಗಿಲ್ಲ, ಎಲ್ಲಾ ತಾವ ನುಂಗತಾರ," ಎಂದು ಕಾಳು ಹಾಕುವಾಗ ನಗುತ್ತಿದ್ದರು. ಕಾಕು ಗೋಡೆಯಿಂದ ಮುಖ ತಿರುಗಿಸಿದ್ದು ಆ ವಕೀಲ ಸಾಹೇಬರನ್ನು ನೋಡಲಿಕ್ಕೆ. ಮೊದಲು ಬರೀ ಕಣ್ಣು ತಿರುಗುತ್ತಿತ್ತು. ಆಮೇಲೆ ಕುರ್ಚಿಯಲ್ಲಿ ಕೂರಿಸಿದರೆ ಎಡಗೈಯ ಬೆರಳಿನಿಂದ ಗಾಜು ತಟ್ಟತೊಡಗಿದರು. ತಟ್ಟಿದ ಕಡೆಗೆ ಕರಿಯ ಮೀನು ಬರುತ್ತಿತ್ತು.

ಒಂದು ಬೆಳಿಗ್ಗೆ ಹೆರಳು ಹಾಕುತ್ತಿದ್ದೆ. ಕಾಕು ಗಾಜು ತಟ್ಟಿದರು. ಮೀನು ಮೂಲೆಯಲ್ಲಿತ್ತು, ಬರಲಿಲ್ಲ. ಮತ್ತೆ ತಟ್ಟಿದರು. ಆಮೇಲೆ "ಬಾ" ಎಂದರು.

ನನ್ನ ಕೈಯಿಂದ ಬಾಚಣಿಗೆ ಬಿತ್ತು. ಕಾಕಾ ಬಚ್ಚಲಿನಿಂದ ಒದ್ದೆ ಮೈಯಲ್ಲೇ ಓಡಿಬಂದರು. "ಏನಂದಿ? ಇನ್ನೊಮ್ಮೆ ಅನ್ನು. ಅನ್ನು, ಇನ್ನೊಮ್ಮೆ ಅನ್ನು." ಕಾಕು ಅವರ ಕಡೆ ನೋಡಲೇ ಇಲ್ಲ. ಮೀನಿನ ಕಡೆ ನೋಡುತ್ತಾ ಮತ್ತೊಮ್ಮೆ "ಬಾ" ಎಂದರು. ಎರಡು ವರ್ಷದ ಮೇಲೆ ಆ ಮನೆಯಲ್ಲಿ ಅವರ ದನಿ ಕೇಳಿತ್ತು. ಕಾಕಾ ಅಳುತ್ತಾ ನಗುತ್ತಾ ನಮ್ಮ ಅವ್ವನನ್ನು ಕರೆಯಲು ಹೋದರು, ಮೈಮೇಲೆ ಅಂಗಿ ಇಲ್ಲವೆಂಬುದೂ ಅವರಿಗೆ ಮರೆತುಹೋಗಿತ್ತು.

ಮಾತು ಒಂದು ಸಲ ಹೊರಟಿದೆ, ಬಿಡಬೇಡಿ, ದಿನಾ ಬಂದು ತಾಲೀಮು ಮಾಡಿಸಿದರೆ ಇನ್ನಷ್ಟು ಬರಬಹುದು ಎಂದರು ಬಾಗಲಕೋಟೆಯ ಡಾಕ್ಟರು. ದಿನಾ ಹುನಗುಂದದಿಂದ ಹೋಗಿಬರುವ ಸ್ಥಿತಿ ಕಾಕುವಿನದಲ್ಲ. ಕಾಕಾ ಯೋಚಿಸಲೇ ಇಲ್ಲ. ಇಪ್ಪತ್ತೈದು ವರ್ಷ ಕುಳಿತ ಬೇವಿನ ಗಿಡದ ಕೆಳಗಿನಿಂದ ಮೇಜು ಎತ್ತಿದರು. ಬಾಗಲಕೋಟೆಯ ನವನಗರದಲ್ಲಿ ದವಾಖಾನೆಗೆ ಹತ್ತಿರದ ಒಂದು ಬಾಡಿಗೆ ಮನೆ ಗೊತ್ತು ಮಾಡಿದರು. ಅವರಿಗೆ ಇದ್ದ ಚಿಂತೆ ಒಂದೇ. ಮೀನು ಜೀವಂತ ಮುಟ್ಟಬೇಕು.

ಅದಕ್ಕಾಗಿ ಅವರು ಮಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಇಡೀ ಕಾರ್ಯಕ್ರಮವನ್ನು ಅರ್ಜಿಯ ಹಾಗೆ ಟೈಪು ಮಾಡಿದರು. 'ವಿಷಯ: ಮೀನುಗಳ ಸ್ಥಳಾಂತರ ಕುರಿತು' ಎಂದು ಮೇಲೆ ಗೆರೆ ಎಳೆದಿತ್ತು. 'ಸದರಿ ಮೀನುಗಳಿಗೆ ಹೊರಡುವ ಹಿಂದಿನ ದಿವಸ ಆಹಾರ ಹಾಕತಕ್ಕದ್ದಲ್ಲ' ಎಂಬಲ್ಲಿಂದ ಶುರು. ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆದಿದ್ದರು. ಒಂದು ತಮಗೆ, ಒಂದು ಟೆಂಪೋದವನಿಗೆ, ಒಂದು ನನಗೆ.

ನನಗೆ ಯಾಕೆಂದರೆ, ಸಾಮಾನಿನ ಟೆಂಪೋ ಜೊತೆ ನಾನೂ ಅವ್ವನೂ ಬೆಳಿಗ್ಗೆ ಮುಂದೆ ಹೋಗುವುದೆಂದು ಆಗಿತ್ತು. ಅವ್ವ ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕು, ನಾನು ಮೀನಿನ ಪೆಟ್ಟಿಗೆ ಹೂಡಿ ಸಿದ್ಧ ಮಾಡಬೇಕು. ಕಾಕಾ ಕಾಕುವನ್ನೂ ಮೀನಿನ ಚೀಲಗಳನ್ನೂ ಕಾರಿನಲ್ಲಿ ಕರೆದುಕೊಂಡು ಹಿಂದಿನಿಂದ ಬರಬೇಕು. ತಳದ ಹರಳು, ಸ್ಪಂಜು ಒಂದು ಬಕೆಟ್ಟಿನಲ್ಲಿ ಹಳೆಯ ನೀರಿನಲ್ಲೇ ನೆನೆದಿದ್ದವು. ಹಳೆಯ ನೀರು ಬೇರೆ ಎರಡು ಕ್ಯಾನು. ಹಾಳೆಯಲ್ಲಿ ಸ್ಪಷ್ಟವಾಗಿ ಇತ್ತು: 'ಹರಳು ಮತ್ತು ಸ್ಪಂಜು ತೊಳೆಯತಕ್ಕದ್ದಲ್ಲ. ಪೆಟ್ಟಿಗೆಯಲ್ಲಿ ಅರ್ಧದ ಮಟ್ಟಿಗೆ ಹಳೆಯ ನೀರನ್ನೇ ಹಾಕತಕ್ಕದ್ದು.' ಉಳಿದ ಅರ್ಧಕ್ಕೆ ನಳದ ನೀರನ್ನು ಒಂದು ದಿನ ಬಿಸಿಲಿಗೆ ತೆರೆದಿಟ್ಟು ಮರುದಿನ ತಾವೇ ಹಾಕುವವರಿದ್ದರು. "ಇದು ಬ್ಯಾರೆಯವರ ಕೈಯಾಗ ಕೊಡೂ ಕೆಲಸಲ್ಲ ತಂಗಿ, ಸಾಯನ್ಸ್ ಓದಾಕಿ ಅಂತ ನಿನಗ ಕೊಡ್ತೇನಿ," ಎಂದು ಹಾಳೆ ಮಡಚಿ ಕೈಗಿಟ್ಟರು.

ನವನಗರದ ಮನೆಯ ಮಾಲೀಕರು ಬಹಳ ಒಳ್ಳೆಯವರು. ಕಾಯಿಲೆಯವರು ಬರುತ್ತಾರೆಂದು ಹಿಂದಿನ ದಿನವೇ ಮಾಳಿಗೆಯ ಮೇಲಿನ ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿದ್ದರು. ನಳ ತಿರುವಿದರೆ ನೀರಿನ ಜೊತೆ ಆ ಘಾಟೂ ಬರುತ್ತಿತ್ತು. ನನಗೆ ಅದು ಸ್ವಚ್ಛತೆಯ ವಾಸನೆ ಎನಿಸಿತು. ಅವ್ವ ಹೊಸ ಕೊಡಕ್ಕೆ ಆ ನೀರು ತುಂಬಿ, ಅರಿಶಿನ ಕುಂಕುಮ ಹಚ್ಚಿ ಗಂಗೆಯ ಪೂಜೆ ಮಾಡಿದರು. ಹಾಲು ಉಕ್ಕಿತು. ಅಷ್ಟರಲ್ಲಿ ಹಮಾಲರು ಆ ಎರಡು ಕ್ಯಾನು ಹೊತ್ತು ಹೊಸ್ತಿಲಿಗೆ ಬಂದರು. ಬಿಳಿಯ ಕ್ಯಾನಿನೊಳಗೆ ಹಸಿರು ಹಸಿರು ನೀರು.

"ಅಲ್ಲೇ ಇಡ್ರೆಪಾ, ಒಳಗ ತರಬ್ಯಾಡ್ರಿ," ಎಂದು ಅವ್ವ ತಡೆದರು. ನನ್ನ ಕಡೆ ತಿರುಗಿ, "ಏನವಾ ಇದು? ಹಳೇ ಕಸಬರಿಗಿ ಒಯ್ಯಬಾರ್ದಂತ ನಾ ಅದನ್ನೂ ಅಲ್ಲೇ ಬಿಟ್ಟು ಬಂದೇನಿ. ಹೊಸ ಮನಿಗೆ ಹಳೇ ನೀರು ಒಯ್ತಾರೇನು? ಹಳೇ ನೀರಿನ ಗೂಡ ಹಳೇ ಮನಿ ಜಡ್ಡೂ ಬೆನ್ನ ಹತ್ತಿ ಬರ್ತೈತಿ. ಈಗಷ್ಟ ಆಕೀ ಬಾಯಾಗ ಒಂದು ಮಾತು ಬಂದೈತಿ. ಚೆಲ್ಲು," ಎಂದರು.

ನಾನು ಹಾಳೆ ತೋರಿಸಿದೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ. "ಕಾಕಾ ಗಂಡಸು, ಅವಂಗೇನ ಗೊತ್ತಾಗತೈತಿ. ಮೀನಿಗೆ ನೀರಂದ್ರ ನೀರು," ಎಂದರು. ಅವ್ವನ ಕಣ್ಣಲ್ಲಿ ನೀರು ಬಂದಿತ್ತು. ಕಾಕು ಅವರ ಮೂವತ್ತು ವರ್ಷದ ಗೆಳತಿ.

ಎಲ್ಲವನ್ನೂ ಅವ್ವನ ಮೇಲೆ ಹಾಕಿ ನಾನು ಜಾರಿಕೊಳ್ಳಬಾರದು. ಅವ್ವ ಚೆಲ್ಲು ಎಂದರು, ಒಪ್ಪಿದವಳು ನಾನು. ಆ ಹಸಿರು ನೀರು, ಜಾರುವ ಹರಳು, ಕಂದುಬಣ್ಣದ ಸ್ಪಂಜು ನೋಡಿ ನನಗೂ ಹೇಸಿಕೆಯಾಗಿತ್ತು. ಕಾಕು ಬಂದಾಗ ಪೆಟ್ಟಿಗೆ ಫಳಫಳ ಹೊಳೆಯುತ್ತಿರಲಿ, ಎಷ್ಟು ಖುಷಿಪಟ್ಟಾರು ಎಂದುಕೊಂಡೆ. ಎರಡೂ ಕ್ಯಾನಿನ ನೀರನ್ನು ಹಿತ್ತಲ ನುಗ್ಗೆ ಗಿಡದ ಬುಡಕ್ಕೆ ಸುರಿದೆ. ಹರಳನ್ನು ನಳದ ಕೆಳಗೆ ಜರಡಿಯಲ್ಲಿ ಹಾಕಿ ಬಿಳುಪೇರುವವರೆಗೆ ತೊಳೆದೆ. ಸ್ಪಂಜನ್ನು ಹಿಂಡಿ ಹಿಂಡಿ ತೊಳೆದೆ. ಆಮೇಲೆ ಹಾಳೆಯಲ್ಲಿ ಹೇಳಿದಂತೆಯೇ ಪೆಟ್ಟಿಗೆಯಲ್ಲಿ ಸರಿಯಾಗಿ ಅರ್ಧ ನೀರು ತುಂಬಿದೆ. ನಳದ ನೀರು. ಅದನ್ನು ಮಾತ್ರ ಹಾಳೆಯಂತೆ ಮಾಡಿದೆ ನೋಡಿ, ಅಳತೆ.

ಕಾಕಾ ಬಂದಾಗ ಮಧ್ಯಾಹ್ನ ಕಳೆದಿತ್ತು. ಕಾರಿನಿಂದ ಇಳಿದವರೇ ನಗುತ್ತಾ ಅವ್ವನ ಕೈಗೆ ಅಮೀನಗಡದ ಕರದಂಟಿನ ದೊಡ್ಡ ಪೊಟ್ಟಣ ಕೊಟ್ಟರು. "ಮುಂಜಾನಿಂದ ದುಡದೀರಿ, ತಾಯಿ ಮಗಳು. ಖಾಲಿ ಕೈಲೆ ಹೆಂಗ ಬರೂದು?" ಎಂದರು. ಕಾಕುವನ್ನು ಕುರ್ಚಿಯಲ್ಲಿ ಕೂರಿಸಿ ಒಳಗೆ ತಂದೆವು. ಮೀನಿನ ಚೀಲಗಳನ್ನು ಕಾಕಾ ಕೂಸನ್ನು ಎತ್ತಿದಂತೆ ಎದೆಗವಚಿಕೊಂಡು ತಂದರು. ಪೆಟ್ಟಿಗೆ ಕಂಡು ನಿಂತರು.

"ಭಾಳ ಛಂದ ಕಾಣಸ್ತೈತಲ್ಲ. ಹಳೇ ನೀರು ಹಾಕೀಯಿಲ್ಲ, ತಂಗಿ?"

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕಾಕು ಪೆಟ್ಟಿಗೆಯ ಮುಂದೆ ಕುಳಿತು ಎಡಗೈ ಎತ್ತಿದ್ದರು. ನನ್ನ ಕೈಯಲ್ಲಿ ಆ ಹಾಳೆ ಇತ್ತು. ಇಲ್ಲ ಎಂದರೆ ಅವ್ವನ ಮಾನ ಹೋಗುತ್ತದೆ, ಸಾಯನ್ಸ್ ಓದಿದವಳೆಂಬ ನನ್ನ ದೊಡ್ಡಸ್ತಿಕೆಯೂ ಹೋಗುತ್ತದೆ. ಇಷ್ಟಕ್ಕೂ ನೀರು ನೀರೇ ತಾನೇ... ಇಷ್ಟೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ. ಉಗುಳು ನುಂಗುವಷ್ಟು ಹೊತ್ತೂ ಅಲ್ಲ.

"ಹಾಕೀನ್ರಿ ಕಾಕಾ."

ಅವರು ಮತ್ತೆ ಕೇಳಲಿಲ್ಲ. ನಾನು ಹೇಳಿದ ಮೇಲೆ ಮತ್ತೆ ಕೇಳುವ ಮಾತೇ ಇರಲಿಲ್ಲ ಅವರಿಗೆ. ಬೇರೆ ಯಾರಿಗಾದರೂ ಆ ಪೌಡರಿನ ಘಾಟು ಮೂಗಿಗೆ ಬಡಿಯುತ್ತಿತ್ತು, ಅವರ ಮೂಗು ನಶ್ಯಕ್ಕೆ ಹೋಗಿತ್ತು. ಚೀಲಗಳನ್ನು ನೀರಿನ ಮೇಲೆ ತೇಲಬಿಟ್ಟು, ಒಳಗಿನ ನೀರು ಹೊರಗಿನ ನೀರಿನಷ್ಟೇ ತಣ್ಣಗಾಗಲೆಂದು ಗಡಿಯಾರ ನೋಡುತ್ತಾ ಕುಳಿತರು. ಆಮೇಲೆ ಒಂದೊಂದಾಗಿ ಬಿಟ್ಟರು. ಕಕ್ಷಿದಾರರು ಐದು, ಕೊನೆಗೆ ವಕೀಲ ಸಾಹೇಬರು. ಕಾಕು ಗಾಜು ತಟ್ಟಿ "ಬಾ" ಎಂದರು. ಕರಿಯ ಮೀನು ಬಂತು. ಕಾಕಾ ನನ್ನ ತಲೆ ಸವರಿದರು.

ಸಂಜೆಯ ಹೊತ್ತಿಗೆ ಆರೂ ಮೀನು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚತೊಡಗಿದವು. "ದಾರಿ ದಣಿವು. ಕತ್ತಲ ಮಾಡಿದ್ರ ಮಲಗ್ತಾವ," ಎಂದು ಕಾಕಾ ಮೇಲೆ ಬಟ್ಟೆ ಹೊದಿಸಿದರು. ಆಗಲೂ ಹೇಳಬಹುದಿತ್ತು. ಪಕ್ಕದ ಮನೆಯಲ್ಲಿ ಬೋರ್‌ವೆಲ್ ಇತ್ತು. ಪೌಡರಿಲ್ಲದ ಎರಡು ಬಕೆಟ್ ನೀರು ತಂದು ಅದರಲ್ಲಿ ಬಿಟ್ಟಿದ್ದರೆ ಒಂದೆರಡಾದರೂ ಉಳಿಯುತ್ತಿದ್ದವೇನೋ. ನಾನು ಅಡುಗೆಮನೆಯಲ್ಲಿ ಡಬ್ಬಿ ಜೋಡಿಸುತ್ತಾ ಕರದಂಟು ತಿಂದೆ. ಎರಡು ತುಂಡು ತಿಂದೆ. ಆ ರುಚಿ ಕೂಡ ನೆನಪಿದೆ...

ರಾತ್ರಿ ನಾವೂ ಅಲ್ಲೇ ಉಳಿದಿದ್ದೆವು. ಬೆಳಿಗ್ಗೆ ಕಾಕುವನ್ನು ಪೆಟ್ಟಿಗೆಯ ಮುಂದೆ ಕೂರಿಸಿ ತಲೆ ಬಾಚಲು ನಿಂತೆ. ಕಾಕಾ ಬಟ್ಟೆ ತೆಗೆದರು. ಬಂಗಾರದವು ಐದೂ ಮಗ್ಗುಲಾಗಿ ತೇಲುತ್ತಿದ್ದವು. ಕರಿಯದು ತಳದಲ್ಲಿ, ನಾನು ತೊಳೆದ ಬಿಳಿಯ ಹರಳಿನ ಮೇಲೆ ಒರಗಿಕೊಂಡಿತ್ತು. ಕಿವಿರು ಇನ್ನೂ ಮೆಲ್ಲಗೆ ಆಡುತ್ತಿತ್ತು. ಕಾಕು ಬೆರಳಿನಿಂದ ಗಾಜು ತಟ್ಟಿದರು. "ಬಾ." ಮತ್ತೆ ತಟ್ಟಿದರು. "ಬಾ... ಬಾ..." ಕಾಕಾ ಅವರ ಕೈ ಹಿಡಿದುಕೊಳ್ಳಲು ಹೋದರೆ ಕೊಡವಿ ಬಿಡಿಸಿಕೊಂಡು ತಟ್ಟಿದರು. ದನಿ ಏರಿತು. ಅವತ್ತು ಅವರ ಗಂಟಲಿನಲ್ಲಿ ಹಳೆಯ ಗಂಟಲು ಒಂದಿಷ್ಟು ಕೇಳಿಸಿತು, ತರಕಾರಿಯವಳನ್ನು ಕರೆಯುತ್ತಿದ್ದ ಗಂಟಲು. ಮೀನಿನ ಕಿವಿರು ನಿಂತಿತು. ಕಾಕು ಇನ್ನೂ ಸ್ವಲ್ಪ ಹೊತ್ತು ಕರೆದರು. ಆಮೇಲೆ ಕೈ ಇಳಿಸಿ ಸುಮ್ಮನಾದರು.

ಅವರು ಮತ್ತೆ ಮಾತಾಡಲಿಲ್ಲ. ತಾಲೀಮಿಗೆ ದಿನಾ ಕರೆದುಕೊಂಡು ಹೋದರು ಕಾಕಾ. ಬೇರೆ ಮೀನು ತಂದರು, ಕರಿಯದನ್ನೇ ಹುಡುಕಿ ತಂದರು. ಕಾಕು ಗೋಡೆಯ ಕಡೆ ತಿರುಗಿದರು. ಮೀನು ಸತ್ತದ್ದಕ್ಕೇ ಮಾತು ನಿಂತಿತೆಂದು ಯಾವ ಡಾಕ್ಟರೂ ಹೇಳಿಲ್ಲ, ಕಾಯಿಲೆಯೇ ಅಂಥದ್ದಿರಬಹುದು. ಆದರೆ ನಾನು ಅಲ್ಲಿದ್ದೆ, ಆ ಬೆರಳು ಗಾಜು ಬಿಟ್ಟು ಇಳಿದದ್ದನ್ನು ನೋಡಿದ್ದೇನೆ.

ಅವತ್ತೇ ಕಾಕಾ ಮೀನುಗಳನ್ನು ಒಂದು ಬಿಳಿಯ ವಸ್ತ್ರದಲ್ಲಿ ಹಾಕಿಕೊಂಡು ಹಿತ್ತಲಿಗೆ ಹೋದರು. ನಾನು ಮಣ್ಣು ತೋಡಿಕೊಟ್ಟೆ. ಹೇಳಬೇಕೆಂದು ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಅವರೇ ಹೇಳಿದರು. "ನಂದ ತಪ್ಪು, ತಂಗಿ. ಅಮೀನಗಡದಾಗ ಕಾರ ನಿಲ್ಲಿಸಿ ಕರದಂಟು ತೊಗೊಳ್ಳಾಕ ಇಳದೆ. ಬಿಸಲಾಗ ಕಾರ ನಿಂತಿತ್ತು. ಚೀಲದಾಗಿನ ನೀರು ಕಾದು ಬಿಟ್ಟಿರಬೇಕು. ನೀ ಎಲ್ಲಾ ಬರೋಬರಿ ಮಾಡಿದ್ದಿ, ನಾನ ಕೆಡಸಿದೆ." ಹೇಳಿ ಅತ್ತರು. ನಾನು ಬಾಯಿ ಮುಚ್ಚಿಕೊಂಡೆ. ಅವರು ಇಳಿದದ್ದು ನಮಗಾಗಿ, ನನಗೂ ಅವ್ವನಿಗೂ ಒಂದು ಪೊಟ್ಟಣ ಸಿಹಿ ತರಲಿಕ್ಕೆ. ಅದನ್ನೇ ತಪ್ಪೆಂದು ಅವರು ಹೊತ್ತುಕೊಂಡರು. ನಾನು ಹೊರಲು ಬಿಟ್ಟೆ.

ಮುಂದೆ ಕೆಲವು ತಿಂಗಳಿಗೆ ಬಾಗಲಕೋಟೆಗೆ ಹೋದಾಗ, ಅವರು ಮೀನು ಕೊಳ್ಳುತ್ತಿದ್ದ ಅಂಗಡಿಯ ಗೋಡೆಯ ಮೇಲೆ ಒಂದು ಟೈಪು ಮಾಡಿದ ಹಾಳೆ ಕಂಡಿತು. ನೋಡಿದ ಕೂಡಲೇ ಅಕ್ಷರ ಗುರುತು ಸಿಕ್ಕಿತು. ಅವರ ಮಷೀನಿನಲ್ಲಿ 'ಮ' ಯಾವಾಗಲೂ ಒಂಚೂರು ಮೇಲೆ ಏರಿ ಬೀಳುತ್ತಿತ್ತು. ಮೀನುಗಳ ಸ್ಥಳಾಂತರ ಕುರಿತು. ಎಲ್ಲ ಹಳೆಯದೇ, ಕೊನೆಗೆ ಹೊಸದೊಂದು ಸಾಲು ಕೂಡಿತ್ತು: 'ಮಾರ್ಗಮಧ್ಯದಲ್ಲಿ ಯಾವ ಕಾರಣಕ್ಕೂ ವಾಹನ ನಿಲ್ಲಿಸತಕ್ಕದ್ದಲ್ಲ. ಇದು ಸ್ವಂತ ಅನುಭವದಿಂದ ಬರೆದುದಾಗಿರುತ್ತದೆ.' ಬೇರೆಯವರ ಮೀನು ಸಾಯದಿರಲೆಂದು ಪ್ರತಿ ತೆಗೆದು ಹಂಚುತ್ತಿದ್ದರಂತೆ. ಅಂಗಡಿಯವನು ಹೆಮ್ಮೆಯಿಂದ ಹೇಳಿದ. ನಾನು ಅಲ್ಲಿಂದ ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕುಳಿತೆ.

ಎರಡು ವರ್ಷದ ಮೇಲೆ ಕಾಕು ತೀರಿಕೊಂಡರು. ನನಗೆ ಇಳಕಲ್ಲಿನ ಶಾಲೆಯಲ್ಲಿ ನೌಕರಿಯಾಯಿತು, ವಿಜ್ಞಾನವೇ ನನ್ನ ವಿಷಯ. ಮಕ್ಕಳಿಗೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಪಾಠ ಬಂದಾಗಲೆಲ್ಲ ಹಲಗೆಯ ಕಡೆ ತಿರುಗಿಕೊಂಡೇ ಮುಗಿಸಿದೆ. ಕಾಕಾನನ್ನು ನೋಡಲು ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆ. ಪ್ರತಿ ಸಲವೂ ಈ ಸಲ ಹೇಳಿಯೇ ಬರುತ್ತೇನೆಂದು ಹೋಗುತ್ತಿದ್ದೆ. ಅವರು ಮುಖ ನೋಡಿ, "ಟೀಚರಮ್ಮ ಬಂದರು," ಎಂದು ಎದ್ದು ನಿಲ್ಲುತ್ತಿದ್ದರು. ಅಷ್ಟಕ್ಕೇ ನನ್ನ ಧೈರ್ಯ ಮುಗಿಯುತ್ತಿತ್ತು.

ಕೊನೆಯ ಸಲ ಹೋದಾಗ ಟೈಪ್ ಮಷೀನಿಗೆ ಮುಸುಕು ಹಾಕಿದ್ದರು. ಎಲ್ಲರೂ ಕಂಪ್ಯೂಟರಿಗೆ ಹೋಗಿದ್ದರು, ಅವರ ಬಳಿ ಬರುವವರಿರಲಿಲ್ಲ. ತಾವೇ ಚಹಾ ಮಾಡಿ ತಂದರು. ತರುವಾಗ ಬಸಿಯಲ್ಲಿ ಅರ್ಧ ಚೆಲ್ಲಿತ್ತು. ನನ್ನೆದುರು ಕುಳಿತರು. ಆಮೇಲೆ ಅವರು, "ಆಕೀ ಹೋಗೂ ಮುಂಚೆ ಆಕೀ ಕಾಲ ಹಿಡದು ತಪ್ಪಾತಂತ ಕೇಳಿದೆ ತಂಗಿ. ಅಮೀನಗಡದಾಗ ನಿಂತಿದ್ದಕ್ಕ. ಆಕೀ ಏನೂ ಅನಲಿಲ್ಲ. ಎಲ್ಲಿಂದ ಅನಬೇಕು," ಎಂದರು. ಬಸಿ ನನ್ನ ಕಡೆ ಸರಿಸಿ, "ಒಂದು ಮಾತು ಕೇಳ್ತೇನಿ. ನೀ ಸಾಯನ್ಸ್ ಕಲಸಾಕಿ. ಖರೇ ಹೇಳು. ನಾ ನಿಂತಿದ್ದು ಹತ್ತ ನಿಮಿಷ. ಗಡಿಯಾರ ನೋಡೇನಿ. ಹತ್ತ ನಿಮಿಷಕ್ಕ ಮೀನು ಸಾಯ್ತಾವೇನು?" ಎಂದು ಕೇಳಿದರು.

"ಇಲ್ರಿ ಕಾಕಾ. ಹತ್ತ ನಿಮಿಷಕ್ಕ ಸಾಯಂಗಿಲ್ರಿ."

ಅವರು ನನ್ನನ್ನೇ ನೋಡಿದರು. "ಮತ್ಯಾಕ ಸತ್ತೂ?"

ನಾನು ಬಸಿಯಲ್ಲಿ ಚೆಲ್ಲಿದ ಚಹಾ ನೋಡುತ್ತಾ ಕುಳಿತೆ. ಹೇಳಬೇಕಾದದ್ದು ಒಂದೇ ಮಾತು. ಹೇಳಿದ್ದರೆ ಅವರು ನನ್ನನ್ನು ಬೈಯುತ್ತಿದ್ದರೋ, ಎಬ್ಬಿಸಿ ಕಳಿಸುತ್ತಿದ್ದರೋ, ಅಳುತ್ತಿದ್ದರೋ. ಏನೇ ಮಾಡಿದ್ದರೂ ಆ ಹತ್ತು ನಿಮಿಷ ಅವರ ಎದೆಯ ಮೇಲಿಂದ ಇಳಿಯುತ್ತಿತ್ತು. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ, "ಇರ್ಲಿ ಬಿಡು. ಚಾ ಆರತೈತಿ, ಕುಡಿ," ಎಂದರು. ಮುಂದಿನ ಸಲ ಬಂದಾಗ ಹೇಳುತ್ತೇನೆ ಎಂದುಕೊಂಡು ಬಸ್ಸು ಹತ್ತಿದೆ. ಮುಂದಿನ ಸಲ ಹೋಗಿದ್ದು ಅವರನ್ನು ಮಣ್ಣು ಮಾಡಿದ ಮರುದಿನ. ಅವರ ಮುಖವೂ ಸಿಗಲಿಲ್ಲ.

ಟೀಚರ್ ಮನೆಯಿಂದ ಬಂದ ಸಂಜೆ, ಮೀನು ಸತ್ತದ್ದು ಆ ನಳದ ನೀರಿನಿಂದಲೇ ಎಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವನಿಗೆ ಈಗ ವಯಸ್ಸಾಗಿದೆ. ಎಲ್ಲ ಕೇಳಿ, "ಚೆಲ್ಲು ಅಂದಾಕಿ ನಾನಲ್ಲೇನವಾ? ನಂಗೂ ಪಾಪ ಹತ್ತತೈತಿ," ಎಂದರು. ಇಲ್ಲ. ಅವ್ವ ಚೆಲ್ಲಿಸಿದ್ದು ಗೆಳತಿಯ ಜಡ್ಡು ಬಿಟ್ಟುಹೋಗಲೆಂದು. ಅದು ತಪ್ಪಾದರೂ ಪ್ರೀತಿಯ ತಪ್ಪು, ಅದಕ್ಕೆ ಕಾಕಾ ಒಂದು ದಿನ ಸಿಟ್ಟಾಗಿ ಮರುದಿನ ಮರೆಯುತ್ತಿದ್ದರು. ಆಮೇಲೆ ಆಡಿದ ಸುಳ್ಳು ನನ್ನೊಬ್ಬಳದು. ಮುಂದೆ ಅಷ್ಟು ವರ್ಷ ಸುಮ್ಮನಿದ್ದದ್ದೂ ನನ್ನೊಬ್ಬಳದು.

ಟೀಚರ್ ಬಾದಾಮಿಯಿಂದ ಫೋನು ಮಾಡಿದ್ದರು. ಅವರ ಮೀನುಗಳೆಲ್ಲ ಸುಖವಾಗಿ ಮುಟ್ಟಿವೆಯಂತೆ, ದಾರಿಯಲ್ಲಿ ಒಂದು ಕಡೆ ಊಟಕ್ಕೆ ನಿಂತರೂ ಏನೂ ಆಗಲಿಲ್ಲವಂತೆ. ಸಂತೋಷ ಎಂದೆ. ಫೋನಿಟ್ಟ ಮೇಲೆ ಅಳು ಬಂತು. ಕಾಕಾ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ಆಗ ಈ ಭೂಮಿಯ ಮೇಲೆ ನಾನೊಬ್ಬಳೇ. ಅವರು ಅದನ್ನು ನನ್ನನ್ನೇ ಕೇಳಿದ್ದರು. ಈಗ ಹೇಳುತ್ತೇನೆ, ಕೇಳಿಸಿಕೊಳ್ಳಲು ಅವರಿಲ್ಲ.

ಹಳೇ ನೀರು ನಾ ಹಾಕಿರಲಿಲ್ರಿ ಕಾಕಾ. ಒಂದ ತಂಬಿಗಿನೂ ಹಾಕಿರಲಿಲ್ಲ.